ಹುಳು ಹಿಡಿದ ಕುಪ್ಯಕ್ಕೆ ತೋಟದ ಔಷಧಿ ಹೊಡೆಯಬಹುದೇ?

ಪ್ರಶ್ನೆ: ಕೊಡಗಿನ ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಒಂದು ಕೋಣೆಯಲ್ಲಿ ಹಿರಿಯರ ಕುಪ್ಯ (ಕೊಡವ ಗಂಡಸರ ಉದ್ದನೆಯ ಮೇಲಂಗಿ), ಚೇಲೆ (ಸೊಂಟಕ್ಕೆ ಸುತ್ತುವ ಪಟ್ಟಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಕಾಟಿಯ (ಕಾಡುಕೋಣದ) ತಲೆ ಎಲ್ಲವನ್ನೂ ಬಂದವರು ನೋಡಲೆಂದು ಜೋಡಿಸಿದ್ದೇವೆ. ಈ ಮಳೆಗಾಲದಲ್ಲಿ ಉಣ್ಣೆಯ ಕುಪ್ಯದಲ್ಲಿ ತೂತುಗಳು ಕಂಡವು. ಕಾಫಿ ಗಿಡಕ್ಕೆ ಹೊಡೆಯುವ ಕೀಟನಾಶಕವನ್ನೇ ಸಿಂಪಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಗಿಡದ ಮೇಲೆ ಬಿದ್ದ ಔಷಧಿ ಮಳೆ ಬಿಸಿಲಿಗೆ ಕ್ರಮೇಣ ಕಳೆದುಹೋಗುತ್ತದೆ. ಪೆಟ್ಟಿಗೆಯ ಕತ್ತಲಲ್ಲಿರುವ ಉಣ್ಣೆಯಲ್ಲಿ ಅದು ಬಹುಕಾಲ ಕೂತುಬಿಡಬಹುದು. ಅದರಲ್ಲಿರುವ ದ್ರಾವಕದಿಂದ ಬಣ್ಣ ಕದಡಿ ಕಲೆ ಉಳಿಯಬಹುದು. ಮುಂದೊಂದು ಹುತ್ತರಿ ಸುಗ್ಗಿಹಬ್ಬಕ್ಕೆ ಮನೆಯ ಹುಡುಗ ಅದೇ ಕುಪ್ಯ ತೊಟ್ಟರೆ ವಿಷ ಅವನ ಮೈಗೆ ತಾಗುತ್ತದೆ.

ಧಾನ್ಯದ ಗೋದಾಮಿನಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಮನೆಯ ಹೊಸ್ತಿಲು ದಾಟಬಾರದು. ತೇವ ತಾಗಿದರೆ ಅದರಿಂದ ಏಳುವ ಫಾಸ್ಫೀನ್ ಅನಿಲಕ್ಕೆ ಮನುಷ್ಯರೂ ಬಲಿಯಾಗುತ್ತಾರೆ. ಪೀಚೆಕತ್ತಿಯ ಬೆಳ್ಳಿ, ದೀಪದ ಹಿತ್ತಾಳೆ ಕೂಡ ಅದಕ್ಕೆ ಕೆಡುತ್ತವೆ. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ಆವಿಯೂ ಉಸಿರಾಡುವವರಿಗೆ, ಅದರಲ್ಲೂ ಮಕ್ಕಳಿಗೆ ಒಳ್ಳೆಯದಲ್ಲ.

ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದನ್ನು ಕೊಲ್ಲಲು ಚಳಿ ಸಾಕು. ಕುಪ್ಯವನ್ನು ಚೆನ್ನಾಗಿ ಒಣಗಿದ ದಿನ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹೊರದೂಡಿ, ಬಾಯಿ ಭದ್ರವಾಗಿ ಮುಚ್ಚಿ, ಮೈನಸ್ 18ರಿಂದ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ದಂತದ ಹಿಡಿ, ಬಣ್ಣ ಬಳಿದ ಮರ, ಚಿತ್ರಪಟ ಇವಕ್ಕೆ ಈ ಉಪಾಯ ಸಲ್ಲದು, ಸೀಳುಬಿಡುತ್ತವೆ.

ರಾಸಾಯನಿಕಕ್ಕೆ ಜಾಗವೇ ಇಲ್ಲವೆಂದಲ್ಲ. ಗೋಡೆಯ ಬುಡದಿಂದ ಗೆದ್ದಲು ಏರುತ್ತಿದ್ದರೆ ಪರವಾನಗಿ ಇರುವವರಿಂದ ಮಣ್ಣಿಗೆ ಔಷಧಿ ಕೊಡಿಸಿ. ಆದರೆ ಅದು ಕಟ್ಟಡಕ್ಕೆ, ವಸ್ತುವಿಗಲ್ಲ. ಜೋರು ಮಳೆಯ ಕಕ್ಕಡ ತಿಂಗಳ ತೇವದಲ್ಲಿ ಪೆಟ್ಟಿಗೆ ಗೋಡೆಗೆ ಒತ್ತಿಕೊಂಡಿರದಂತೆ ನೋಡಿಕೊಳ್ಳಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿಗೆ ಆಯುಧಗಳನ್ನು ಹೊರತೆಗೆಯುವಾಗ ಬಟ್ಟೆಗಳನ್ನೂ ಬಿಡಿಸಿ, ಮಡಿಕೆಗಳ ಒಳಗೆ ಹಿಟ್ಟಿನಂಥ ಪುಡಿ, ರೇಷ್ಮೆಯಂಥ ನೂಲಿನ ಗೂಡು ಇದೆಯೇ ನೋಡಿ.

ಕಾಟಿಯ ತಲೆಯ ವಿಷಯದಲ್ಲಿ ನನಗೆ ನಿಜವಾಗಿ ಭಯವಿದೆ. ಹಳೆಯ ಕಾಲದಲ್ಲಿ ಬೇಟೆಯ ಚರ್ಮವನ್ನು ಹದಮಾಡಿ ತುಂಬುವಾಗ ಹುಳು ಬರದಿರಲೆಂದು ಪಾಷಾಣ, ಅಂದರೆ ಆರ್ಸೆನಿಕ್, ಹಚ್ಚುವುದು ಸಾಮಾನ್ಯವಾಗಿತ್ತು. ಅದು ಇಂದಿಗೂ ಆ ರೋಮದಲ್ಲಿ ಇರಬಹುದು. ಪೊರಕೆಯಿಂದ ದೂಳು ಹೊಡೆಯಬೇಡಿ, ಕೈಗವಸು ಮತ್ತು ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಅದನ್ನು ಈ ವಾರವೇ ಏರಿಸಿ.