ಒಂದೇ ಗೆರೆಗೆ ಎರಡು ತುದಿ

1943ರ ಏಪ್ರಿಲ್ 4ರಂದು ಇಟಲಿಯ ನೇಪಲ್ಸ್ ಮೇಲಿನ ದಾಳಿಗೆ ಲಿಬಿಯಾದಿಂದ ಹೊರಟ ಅಮೆರಿಕದ ಬಿ-24 ಬಾಂಬರ್‌ಗಳಲ್ಲಿ ‘ಲೇಡಿ ಬಿ ಗುಡ್’ ಕೂಡ ಒಂದು. ಅದರಲ್ಲಿದ್ದ ಒಂಬತ್ತು ಮಂದಿ ಮರಳಲಿಲ್ಲ. ವಿಮಾನ ಸಮುದ್ರದ ಪಾಲಾಗಿರಬೇಕು ಎಂದುಕೊಂಡರು. 1958ರಲ್ಲಿ ತೈಲ ಅನ್ವೇಷಕರ ಕಣ್ಣಿಗೆ ಅದು ಬಿದ್ದದ್ದು ತನ್ನ ನೆಲೆಯಿಂದ ಸುಮಾರು 700 ಕಿ.ಮೀ. ಒಳಗೆ, ಸಹಾರಾ ಮರುಭೂಮಿಯಲ್ಲಿ!

ರಾತ್ರಿ ದಾರಿ ತಿಳಿಯದೆ ಪೈಲಟ್ ವಿಲಿಯಂ ಹ್ಯಾಟನ್ ರೇಡಿಯೊದಲ್ಲಿ ದಿಕ್ಕು ಕೇಳಿದ್ದರು. ಲಿಬಿಯಾದ ಬೆನಿನಾ ರೇಡಿಯೊ ಕೇಂದ್ರ ಕೊಟ್ಟ ಉತ್ತರ 330 ಡಿಗ್ರಿ, ಅಂದರೆ ವಾಯವ್ಯ, ಕಡಲಿನ ಕಡೆ. ಹೆಚ್ಚಿನವರು ಒಪ್ಪುವ ವಿವರಣೆ ಇದು: ದಿಕ್ಕು ಹಿಡಿಯುವ ಆಂಟೆನಾ ತಂತಿಯ ಬಳೆ. ಅದನ್ನು ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಸಂಕೇತ ಪೂರ್ತಿ ಕುಗ್ಗುತ್ತದೆ. ಅದರಿಂದ ದಿಕ್ಕು ಸಿಗುತ್ತದೆ. ಆದರೆ ಅರ್ಧ ಸುತ್ತು ತಿರುಗಿಸಿದರೂ ಅಷ್ಟೇ ಕುಗ್ಗುತ್ತದೆ. ಬಳೆ ಹೇಳುವುದು ಗೆರೆಯನ್ನು, ಗೆರೆಯ ಯಾವ ತುದಿ ಎಂಬುದನ್ನಲ್ಲ. ಹಿಂದಿನಿಂದ ಬೀಸಿದ ಗಾಳಿಯ ನೆರವಿನಲ್ಲಿ ವಿಮಾನ ಆಗಲೇ ನೆಲೆಯನ್ನು ದಾಟಿ 150 ಡಿಗ್ರಿಯ ತುದಿಯಲ್ಲಿತ್ತು. ಜೊತೆಗೊಂದು ನೆಟ್ಟನೆಯ ಆಂಟೆನಾ ಇದ್ದು, ಎರಡರ ಸಂಕೇತ ಕೂಡಿಸಿದ್ದರೆ ಒಂದು ಬದಿ ಬಲಗೊಂಡು ಇನ್ನೊಂದು ಅಳಿದು ಗೊಂದಲ ಬಗೆಹರಿಯುತ್ತಿತ್ತು. ಸಿಬ್ಬಂದಿಗೆ ಅನುಭವ ಸಾಲದು ಎಂದು ದೂರುವವರು ಈ ಬಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂಧನ ಮುಗಿದಾಗ ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಒಬ್ಬರ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಉಳಿದ ಎಂಟು ಮಂದಿ ಕಡಲು ಹತ್ತಿರವೆಂದು ನಂಬಿ ವಾಯವ್ಯಕ್ಕೆ ನಡೆದರು. ಕೈಯಲ್ಲಿದ್ದದ್ದು ಅರ್ಧ ಬಾಟಲಿ ನೀರು. ಒಬ್ಬೊಬ್ಬರಿಗೆ ದಿನಕ್ಕೊಂದು ಮುಚ್ಚಳದಷ್ಟು ನೀರು. ಆಳಿಲ್ಲದ ವಿಮಾನ ತೇಲುತ್ತಾ ಹೋಗಿ, 25 ಕಿ.ಮೀ.ಯಷ್ಟು ದಕ್ಷಿಣಕ್ಕೆ ಹೊಟ್ಟೆಯ ಮೇಲೆ ಜಾರಿ ನಿಂತಿತ್ತು. ಅದರಲ್ಲಿ ನೀರೂ ಇತ್ತು, ರೇಡಿಯೊವೂ ಇತ್ತು.

ಸುಡುಬಿಸಿಲಲ್ಲಿ ದುಡಿಯುವ ದೇಹ ಗಂಟೆಗೆ ಒಂದು ಲೀಟರ್‌ವರೆಗೂ ಬೆವರಬಲ್ಲದು. ಆ ಲೆಕ್ಕದಲ್ಲಿ ಅವರು ಒಂದೆರಡು ದಿನದಲ್ಲೇ ಕುಸಿಯಬೇಕಿತ್ತು. ಸಹಪೈಲಟ್ ರಾಬರ್ಟ್ ಟೋನರ್ ದಿನಚರಿಯಲ್ಲಿ ಉಪಾಯವಿದೆ: ನಡುಹಗಲು ಸಂಜೆ ಐದರವರೆಗೆ ವಿಶ್ರಾಂತಿ, ರಾತ್ರಿ ಹದಿನೈದು ನಿಮಿಷ ನಡಿಗೆ, ಐದು ನಿಮಿಷ ಬಿಡುವು. ಬೆವರು ಉಳಿಸುವ ಇದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯುತ್ತಿಲ್ಲ. ಐವರು ನೂರು ಕಿ.ಮೀ.ಗೂ ಹೆಚ್ಚು ನಡೆದು ನಿಂತರು. ನೆರವು ಹುಡುಕಿ ಮುಂದೆ ಹೋದ ಮೂವರಲ್ಲಿ ಒಬ್ಬರು ಮತ್ತೆ ನಲವತ್ತು ಕಿ.ಮೀ. ದಾಟಿದ್ದರು. ದಿನಚರಿಯ ಕೊನೆಯ ಬರಹ ಏಪ್ರಿಲ್ 12ರದು.

1960ರಲ್ಲಿ ಎಂಟು ಮಂದಿಯ ಅವಶೇಷಗಳು ಸಿಕ್ಕವು. ವರ್ನನ್ ಮೂರ್ ಅವರದು ಸಿಕ್ಕಿದ್ದಾಗಿ ಅಧಿಕೃತವಾಗಿ ಎಂದೂ ದೃಢಪಟ್ಟಿಲ್ಲ. ಲಿಬಿಯಾದ ವೀಲಸ್ ವಾಯುನೆಲೆಯ ಪ್ರಾರ್ಥನಾಮಂದಿರದಲ್ಲಿ ಈ ತಂಡದ ನೆನಪಿಗೆಂದು ಕೂರಿಸಿದ್ದ ಬಣ್ಣದ ಗಾಜಿನ ಕಿಟಕಿ ಈಗ ಓಹಾಯೊದ ಡೇಟನ್ ನಗರದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಮರಳಲ್ಲಿ ಉಳಿದಿದ್ದ ವಿಮಾನದ ಭಾಗಗಳನ್ನು 1994ರಲ್ಲಿ ಲಿಬಿಯಾದವರೇ ಹೊತ್ತೊಯ್ದರು.