ದಪ್ಪ ಅಕ್ಷರದೊಳಗಿನ ಬಿಳಿ ಜಾಗ

ತಲೆಬರಹಕ್ಕೋ ಅಂಗಡಿಯ ಫಲಕಕ್ಕೋ ಬಳಸುವ ದಪ್ಪ ಅಕ್ಷರವೆಂದರೆ ಮಾಮೂಲು ಅಕ್ಷರದ ಗೆರೆಗಳನ್ನೇ ಒಂದಿಷ್ಟು ಉಬ್ಬಿಸಿದ್ದು ಎಂದು ಹಲವರು ಭಾವಿಸುತ್ತಾರೆ. ಕಂಪ್ಯೂಟರಿನಲ್ಲಿ ಹಾಗೆ ಉಬ್ಬಿಸಿ ನೋಡಿದರೆ ರೋಮನ್ ಲಿಪಿಯ ಸಣ್ಣ ‘ಎ’ ಮತ್ತು ‘ಇ’ಗಳ ಹೊಟ್ಟೆ ಮುಚ್ಚಿಹೋಗುತ್ತದೆ, ‘ಎಂ’ನ ಮೂರು ಕಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವು ಅಕ್ಷರವನ್ನು ಗುರುತಿಸುವುದು ಕಪ್ಪು ಗೆರೆಯಿಂದ ಎಷ್ಟೋ, ಆ ಗೆರೆ ಸುತ್ತುವರಿದ ಬಿಳಿಯಿಂದಲೂ ಅಷ್ಟೇ. ಕಪ್ಪು ಹೆಚ್ಚಿದಂತೆ ಉಳಿದ ಚೂರು ಬಿಳಿಯನ್ನು ಎಲ್ಲಿಡಬೇಕು, ಯಾವ ಆಕಾರದಲ್ಲಿಡಬೇಕು ಎಂಬುದೇ ವಿನ್ಯಾಸಕಾರನ ಮುಖ್ಯ ಕೆಲಸವಾಗುತ್ತದೆ. ಇದಕ್ಕೆ ನೂರು ವರ್ಷ ದಾಟಿದ ‘ಕೂಪರ್ ಬ್ಲ್ಯಾಕ್’ ಎಂಬ ಅಕ್ಷರಶೈಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇದನ್ನು ರೂಪಿಸಿದವರು ಅಮೆರಿಕದ ಷಿಕಾಗೊ ನಗರದಲ್ಲಿ ಜಾಹೀರಾತುಗಳಿಗೆ ಕೈಯಿಂದ ಅಕ್ಷರ ಬರೆಯುತ್ತಿದ್ದ ಆಸ್ವಾಲ್ಡ್ ಕೂಪರ್ (1879–1940). ಪ್ರಸಿದ್ಧ ಅಕ್ಷರ ವಿನ್ಯಾಸಕಾರ ಫ್ರೆಡರಿಕ್ ಗೌಡಿ ಅವರ ಬಳಿ ಕಲಿತ ಕೂಪರ್, 1904ರಲ್ಲಿ ಫ್ರೆಡ್ ಬರ್ಟ್ಶ್ ಜೊತೆಗೂಡಿ ಸ್ವಂತ ಸಂಸ್ಥೆ ಆರಂಭಿಸಿದರು. ಅದೇ ನಗರದ ಅಚ್ಚುಮೊಳೆ ತಯಾರಕರಾದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ 1922ರಲ್ಲಿ ಕೂಪರ್ ಬ್ಲ್ಯಾಕನ್ನು ಮಾರುಕಟ್ಟೆಗೆ ತಂದಿತು. ಸಂಪ್ರದಾಯಸ್ಥ ಮುದ್ರಕರು ಅದನ್ನು ಕಪ್ಪು ಪೀಡೆಯೆಂದು ಹಳಿದರು. ಜಾಹೀರಾತುದಾರರು ಮುಗಿಬಿದ್ದು ಕೊಂಡರು. ಪ್ರತಿಸ್ಪರ್ಧಿ ಕಂಪನಿಗಳು ಕೆಲವೇ ವರ್ಷಗಳಲ್ಲಿ ತಮ್ಮದೇ ದಪ್ಪ ಅಕ್ಷರಗಳನ್ನು ಹೊರತಂದವು. ಅವುಗಳಲ್ಲೊಂದಾದ ‘ಗೌಡಿ ಹೆವಿಫೇಸ್’ ಅನ್ನು ರಚಿಸಿದವರು ಕೂಪರ್ ಅವರ ಗುರುವೇ ಎಂಬುದು ತಮಾಷೆಯ ಸಂಗತಿ.

ಅಕ್ಷರವನ್ನು ಹತ್ತಿರದಿಂದ ನೋಡೋಣ. ಗೆರೆಗಳ ತುದಿಯಲ್ಲಿ ಚಾಚಿಕೊಂಡಿರುವ ಸಣ್ಣ ಅಡ್ಡಪಾದಗಳಿಗೆ ಸೆರಿಫ್ ಎನ್ನುತ್ತಾರೆ. ಸಾಮಾನ್ಯವಾಗಿ ಚೂಪಾಗಿಯೋ ಚಪ್ಪಟೆಯಾಗಿಯೋ ಇರುವ ಈ ಪಾದಗಳು ಕೂಪರ್ ಬ್ಲ್ಯಾಕ್‌ನಲ್ಲಿ ದುಂಡಗಾಗಿ, ಮೂಲೆಯೆಂಬುದೇ ಇಲ್ಲದಂತೆ ಊದಿಕೊಂಡಿವೆ. ದೊಡ್ಡ ‘ಓ’ದ ಒಳಗಿನ ಬಿಳಿ ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿದೆ. ಸಣ್ಣ ‘ಐ’ಯ ಮೇಲಿನ ಚುಕ್ಕಿಯೂ ಓರೆಯಾದ ಅಂಡಾಕಾರವೇ. ಸಣ್ಣ ಅಕ್ಷರಗಳ ಮೈ ಎತ್ತರವಾಗಿದ್ದು, ಗೆರೆಯ ಕೆಳಗೆ ಇಳಿಯುವ ಬಾಲಗಳು ಮೊಟಕಾಗಿವೆ. ಹೀಗಾಗಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಪಾದಗಳೇ ದುಂಡಗಿರುವುದರಿಂದ ಒಂದು ಅಕ್ಷರ ಕೂದಲೆಳೆಯಷ್ಟು ಮೇಲೆ ಕೆಳಗಾದರೂ ಕಣ್ಣಿಗೆ ಬೀಳುವುದಿಲ್ಲ. ಅಷ್ಟೇನೂ ನುರಿತವನಲ್ಲದವನ ಕೈಯಲ್ಲೂ ಈ ಅಕ್ಷರ ಕೆಡದಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಇನ್ನೊಂದು ಕಾರಣ ನಮ್ಮ ಕಣ್ಣಿನಲ್ಲಿದೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿ ಕೋನದ 60ನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. 6 ಮೀಟರ್ ದೂರದಲ್ಲಿ ಇದು ಸುಮಾರು 1.7 ಮಿಲಿಮೀಟರ್ ಆಗುತ್ತದೆ. ಕಣ್ಣಾಸ್ಪತ್ರೆಯ ಫಲಕದಲ್ಲಿ 6/6 ಸಾಲಿನ ಅಕ್ಷರದ ಗೆರೆಯ ದಪ್ಪ ಇಷ್ಟೇ, ಎತ್ತರ ಅದರ ಐದರಷ್ಟು. ದೂರ ಹೆಚ್ಚಿದಂತೆ ಕಣ್ಣಿನೊಳಗಿನ ಬಿಂಬ ಚಿಕ್ಕದಾಗಿ ವಿವರಗಳು ಮಸುಕಾಗುತ್ತವೆ, ಆಗ ಮೊದಲು ಅಳಿಸಿಹೋಗುವುದು ಚೂಪು ಮೂಲೆಗಳು ಮತ್ತು ಎಳೆಯಂಥ ತೆಳು ಗೆರೆಗಳು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ಥಾರ್ನ್ ಮುಂತಾದವರು ತಯಾರಿಸಿದ, ಲಾಟರಿ ಪ್ರಕಟಣೆಗಳಲ್ಲಿ ಮೆರೆದ ಸ್ಥೂಲ ಅಕ್ಷರಗಳಿಗೆ ಇದೇ ತೊಡಕು: ಅವುಗಳ ದಪ್ಪ ಗೆರೆ ಅತಿ ದಪ್ಪ, ತೆಳು ಗೆರೆ ಅತಿ ತೆಳು, ದೂರದಿಂದ ನೋಡಿದಾಗ ತೆಳು ಗೆರೆಗಳು ಮಾಯವಾಗಿ ಬಿಡಿ ಬಿಡಿ ಕಪ್ಪು ಕಂಬಗಳಷ್ಟೇ ಉಳಿಯುತ್ತವೆ. ಕೂಪರ್ ಬ್ಲ್ಯಾಕ್‌ನಲ್ಲಿ ಅಳಿಸಲು ಮೂಲೆಗಳೇ ಇಲ್ಲ, ತೆಳು ಗೆರೆಗಳೂ ಸಾಕಷ್ಟು ದಪ್ಪವಾಗಿವೆ. ಆದ್ದರಿಂದ ಮಸುಕಾದ ಮೇಲೂ ಅದರ ರೂಪ ಹೆಚ್ಚು ಬದಲಾಗುವುದಿಲ್ಲ. ಅಚ್ಚುಮೊಳೆಯನ್ನು ಕಾಗದಕ್ಕೆ ಒತ್ತಿದಾಗ ಶಾಯಿ ಅಂಚಿನಾಚೆ ಹರಡಿಕೊಳ್ಳುವುದೂ ಒಂದು ಬಗೆಯ ಮಸುಕೇ; ಅಗ್ಗದ ಕಾಗದದ ಮೇಲೂ ಈ ಅಕ್ಷರ ನಿಭಾಯಿಸಿಕೊಂಡಿತು.

ಸೀಸದ ಮೊಳೆಗಳ ಕಾಲ ಮುಗಿದ ಮೇಲೂ ಅದರ ಬೇಡಿಕೆ ಕುಗ್ಗಲಿಲ್ಲ. ಫಿಲ್ಮಿನ ಮೇಲೆ ಅಕ್ಷರ ಜೋಡಿಸುವ ವಿಧಾನ ಬಂದಾಗ, ಲೋಹದ ಅಂಚುಗಳ ಅಡ್ಡಿಯಿಲ್ಲದೆ ಒಂದರ ಪಕ್ಕ ಒಂದನ್ನು ತಾಗುವಷ್ಟು ಹತ್ತಿರ ಇಡಲು ಸಾಧ್ಯವಾಯಿತು, ದುಂಡು ಅಕ್ಷರಗಳಿಗೆ ಇದು ಚೆನ್ನಾಗಿ ಒಪ್ಪಿತು. 1970ರ ದಶಕದಲ್ಲಿ ಟಿ-ಶರ್ಟಿಗೆ ಇಸ್ತ್ರಿ ಹಾಕಿ ಅಂಟಿಸುವ ಅಕ್ಷರಗಳಾಗಿ ಅದು ಬೀದಿಗಿಳಿಯಿತು. 1995ರಲ್ಲಿ ಆರಂಭವಾದ ಬ್ರಿಟನ್ನಿನ ಈಜಿಜೆಟ್ ವಿಮಾನಗಳ ಕಿತ್ತಳೆ ಬಣ್ಣದ ನಡುವೆ ಬಿಳಿಯಾಗಿ ಕಾಣಿಸಿಕೊಂಡದ್ದೂ ಇದೇ. ಕಡುಬಣ್ಣದ ಮೇಲಿನ ಬಿಳಿ ಅಕ್ಷರ ಇದ್ದುದಕ್ಕಿಂತ ದಪ್ಪಗೆ ಕಾಣುತ್ತದೆಂಬುದನ್ನು ಇಲ್ಲಿ ನೆನೆಯಬೇಕು: ಬೆಳಕು ಕಣ್ಣಿನೊಳಗೆ ಚದುರಿ ಅಂಚುಗಳನ್ನು ಹೊರಕ್ಕೆ ದೂಡಿದಂತೆ ತೋರುತ್ತದೆ.

ಇಷ್ಟಿದ್ದರೂ ಇದರಲ್ಲಿ ಇಡೀ ಪುಟ ಓದಲು ಯಾರಿಗೂ ಆಗದು. ಗಾತ್ರ ಕುಗ್ಗಿಸಿದರೆ ಉಳಿದ ಚೂರು ಬಿಳಿಯೂ ತುಂಬಿಕೊಂಡು ಸಾಲೆಲ್ಲ ಕಪ್ಪು ಪಟ್ಟಿಯಾಗುತ್ತದೆ. ಕನ್ನಡದಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ‘ಖ’, ‘ಣ’ಗಳ ಸುರುಳಿಗಳ ಜೊತೆಗೆ ಹಲವು ಅಕ್ಷರಗಳ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ ಬರುವುದರಿಂದ, ಮುಂಬೈಯ ಏಕ್ ಟೈಪ್ ತಂಡದ ‘ಬಾಲೂ ತಮ್ಮ’ದಂಥ ದಪ್ಪ ಫಾಂಟನ್ನು ರೂಪಿಸುವವರು ಗೆರೆಗಳು ಕೂಡುವ ಕಡೆಯಲ್ಲೆಲ್ಲ ಕಪ್ಪನ್ನು ಕೆತ್ತಿ ತೆಗೆದು, ಬಿಳಿಗೆ ಜಾಗ ಮಾಡಿಕೊಡಬೇಕಾಗುತ್ತದೆ.