ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ನಿವಾಸಿಗಳ ಸಂಘ

ಬೆಂಗಳೂರಿನ ಬಡಾವಣೆಗಳಲ್ಲಿ ಉದ್ಯಾನದ ಗೇಟಿನ ಪಕ್ಕದಲ್ಲೋ ಗಣೇಶನ ಗುಡಿಯ ಗೋಡೆಯ ಮೇಲೋ ‘ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ (ನೋಂ.)’ ಎಂಬ ಫಲಕ ಕಾಣಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದವು. ಪದಾಧಿಕಾರಿಗಳಿಗೆ ಸಂಬಳವಿಲ್ಲ, ನಿವೃತ್ತರ ಹಗಲು, ಉದ್ಯೋಗಸ್ಥರ ಸಂಜೆ, ಸದಸ್ಯರ ಸಣ್ಣ ವಂತಿಗೆ ಇಷ್ಟೇ ಬಂಡವಾಳ. ರಸ್ತೆಯ ಒಂದು ಗುಂಡಿಯನ್ನು ಮುಚ್ಚಿಸುವ ಅಧಿಕಾರವೂ ಇಲ್ಲದ ಈ ಸಂಘಗಳ ಮೇಲೆ ನಗರದ ಇಷ್ಟೊಂದು ಭಾರ ಬಿದ್ದದ್ದು ಹೇಗೆಂದು ತಿಳಿಯಲು ಬಡಾವಣೆಗಳು ಹುಟ್ಟಿದ ಬಗೆಯನ್ನೇ ನೋಡಬೇಕು.

1945ರಲ್ಲಿ ಆರಂಭವಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಗಲಿ ನಿವೇಶನ ಹಂಚುತ್ತಿದ್ದ ವೇಗದಲ್ಲಿ ಸೌಕರ್ಯ ಒದಗಿಸಲಿಲ್ಲ. ಮೊದಲು ಮನೆ ಕಟ್ಟಿಕೊಂಡವರು ನೀರು, ಒಳಚರಂಡಿ, ಬೀದಿದೀಪ, ಬಸ್ಸುಗಳಿಗಾಗಿ ಬೇರೆಬೇರೆ ಕಚೇರಿಗಳಿಗೆ ಅಲೆದರು. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗುವ ತನಕ ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತಿತ್ತು. ಒಬ್ಬರ ಅರ್ಜಿಗಿಂತ ನೂರು ಸಹಿಗಳ ಮನವಿಗೆ ತೂಕ ಹೆಚ್ಚೆಂಬ ಅನುಭವದಿಂದ ಸಂಘಗಳು ಮೂಡಿದವು.

ಮನವಿಯಿಂದಾಚೆಗೂ ನಿವಾಸಿಗಳಿಗೆ ಹಕ್ಕಿದೆ ಎಂಬುದು ಸ್ಥಾಪಿತವಾದದ್ದು ರಾಜಮಹಲ್ ವಿಲಾಸ್ ಬಡಾವಣೆಯ ಪ್ರಕರಣದಲ್ಲಿ. ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗಾಗಿ ಟ್ರಸ್ಟ್ ಒಂದಕ್ಕೆ ಮಂಜೂರು ಮಾಡಿದಾಗ ಅಲ್ಲಿನವರು ನ್ಯಾಯಾಲಯಕ್ಕೆ ಹೋದರು. ಪ್ರಶ್ನಿಸಲು ಇವರಾರು ಎಂಬ ಆಕ್ಷೇಪವನ್ನು ಒಪ್ಪದ ಸುಪ್ರೀಂ ಕೋರ್ಟ್, 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಬಯಲು ಜಾಗ ಉಳಿಸಿಕೊಳ್ಳಲು ಹೋರಾಡುವ ಎಲ್ಲ ಸಂಘಗಳಿಗೂ ಇದು ದೊಡ್ಡ ಬಲವೆಂದು ನಾನು ಭಾವಿಸುತ್ತೇನೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡಿನ ಕೆಲಸಗಳನ್ನು ನೋಡಿಕೊಳ್ಳುವ ವಾರ್ಡ್ ಸಮಿತಿಗಳು ಇರಬೇಕೆಂದಿತು. ಆದರೆ 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆ ರಚನೆಯಾದಾಗಲೂ ಪ್ರತಿ ವಾರ್ಡಿಗೊಂದು ಸಮಿತಿ ಇರಲಿಲ್ಲ. ಪಾಲಿಕೆಯಲ್ಲಿದ್ದದ್ದು 198 ವಾರ್ಡುಗಳು. 2011ರ ಜನಗಣತಿಯ ಲೆಕ್ಕದಲ್ಲಿ ಸರಾಸರಿ 42 ಸಾವಿರ ಜನರಿಗೆ ಒಬ್ಬ ಕಾರ್ಪೊರೇಟರ್. 2011ರ ಕಾಯ್ದೆ ತಿದ್ದುಪಡಿ ವಾರ್ಡ್ ಸಮಿತಿಯಲ್ಲಿ ಮಹಿಳೆಯರು, ಪರಿಶಿಷ್ಟರ ಜೊತೆಗೆ ನಿವಾಸಿ ಸಂಘಗಳ ಪ್ರತಿನಿಧಿಗಳಿಗೂ ಸ್ಥಾನ ಕೊಟ್ಟಿತು. ಆ ಸಮಿತಿಗಳು ಕಾಗದದಿಂದ ಹೊರಬರಲು ಹೈಕೋರ್ಟ್ ಮತ್ತೆ ಮತ್ತೆ ಹೇಳಬೇಕಾಯಿತು.

ಇದೇ ಹೊತ್ತಿನಲ್ಲಿ ಕಸದ ಬಿಕ್ಕಟ್ಟು ಬಂತು. ನಗರದ ಕಸವನ್ನು ಹೊತ್ತು ಬೇಸತ್ತಿದ್ದ ಮಾವಳ್ಳಿಪುರದ ಹಳ್ಳಿಗರ ಪ್ರತಿಭಟನೆಯಿಂದ 2012ರಲ್ಲಿ ಅಲ್ಲಿನ ಸುರಿಹೊಂಡ ಮುಚ್ಚಿತು, ನಗರದ ರಸ್ತೆಗಳಲ್ಲಿ ರಾಶಿ ಬೆಳೆಯಿತು. ಆ ವರ್ಷದ ಅಕ್ಟೋಬರ್‌ನಿಂದ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಆದೇಶ ಹೊರಡಿಸುವುದು ಸುಲಭ. ಬೆಳಗಿನ ಆರೂವರೆಗೆ ಬರುವ ಆಟೋ ಟಿಪ್ಪರ್‌ಗೆ ಯಾವ ಡಬ್ಬಿಯಲ್ಲಿ ಏನು ಹಾಕಬೇಕೆಂದು ಮನೆಮನೆಗೆ ತಿಳಿಹೇಳಿ, ಪೌರಕಾರ್ಮಿಕರೊಂದಿಗೆ ಮಾತಾಡಿ, ಮೂಲೆಯ ಕಸದ ರಾಶಿಯ ಜಾಗದಲ್ಲಿ ರಂಗೋಲಿ ಹಾಕಿ ಕಾವಲು ಕಾಯುವುದು ಕಷ್ಟ. ಎಷ್ಟೋ ಬಡಾವಣೆಗಳಲ್ಲಿ ಆ ಕೆಲಸ ಮಾಡಿದವರು ಸಂಘಗಳ ಸ್ವಯಂಸೇವಕರು, ಅದರಲ್ಲೂ ಹೆಂಗಸರು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಯ ಕಾಲದಲ್ಲಿ ಚರಂಡಿ ಕಟ್ಟಿಕೊಂಡರೆ, ನೀರಿನ ವಾಲ್ವ್ ತೆರೆಯದಿದ್ದರೆ ಜನ ಮೊದಲು ಫೋನ್ ಮಾಡಿದ್ದು ಸಂಘದ ಕಾರ್ಯದರ್ಶಿಗೆ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ನಗರ ಐದು ಪಾಲಿಕೆಗಳಾಯಿತು. ಸಂಘ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ಚುನಾಯಿತ ಪ್ರತಿನಿಧಿಯ ಬದಲಿಗೆ ಕೂರಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ: ಅದರ ಲೆಕ್ಕ ಕೇಳಬಲ್ಲವರು ಅದರ ಸದಸ್ಯರಷ್ಟೇ, ಇಡೀ ವಾರ್ಡಿನ ಮತದಾರರಲ್ಲ.

ಸದಸ್ಯರು ಯಾರು ಎಂಬುದನ್ನು ಆಯಾ ಸಂಘದ ಬೈಲಾ ಹೇಳುತ್ತದೆ. ಹಲವು ಕಡೆ ಅದು ಮನೆ ಅಥವಾ ನಿವೇಶನದ ಮಾಲೀಕರಿಗೆ ಮೀಸಲು. ಅದೇ ರಸ್ತೆಯಲ್ಲಿ ಹತ್ತು ವರ್ಷ ಬಾಡಿಗೆಗಿದ್ದವರಿಗೂ ಮತವಿಲ್ಲ. ಕೋವಿಡ್ ಕಾಲದಲ್ಲಿ ಮನೆಗೆಲಸದವರು ಯಾವಾಗ ಒಳಬರಬೇಕೆಂದು ಸಂಘಗಳು ನಿಯಮ ಮಾಡಿದಾಗ ಆ ಹೆಂಗಸರ ಮಾತು ಕೇಳುವ ಸ್ಥಳವೇ ಇರಲಿಲ್ಲ. ಬಡಾವಣೆಯ ಹಿಂದಿನ ಓಣಿಗಳಲ್ಲಿ ಸಂಘ ಕಟ್ಟುವ ಬಿಡುವಾಗಲಿ, ನೋಂದಣಿಯ ತಿಳಿವಳಿಕೆಯಾಗಲಿ ಇಲ್ಲದವರಿದ್ದಾರೆ. ವಾರ್ಡ್ ಸಮಿತಿಯಲ್ಲಿ ನೋಂದಾಯಿತ ಸಂಘಕ್ಕೆ ಕೊಟ್ಟ ಕುರ್ಚಿಯ ಹತ್ತಿರಕ್ಕೆ ಅವರು ಬರುವ ದಾರಿ ಇನ್ನೂ ತೆರೆದಿಲ್ಲ.